ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹೋದ ಬ್ಯಾಸಿಗಿ ಸೂಟಿಯೊಳಗ ನಮ್ಮ ಅಂಗಳದಾಗ ಒಂದು ಜಗಳಾ ಆತು. ಮಗಳ ಮಗ, ಇನ್ನೂ ನಾಕು ವರ್ಷ ತುಂಬಿರ್ಲಿಲ್ಲ, ಓಣಿ ಹುಡುಗೂರ ಕೂಡ ಗೋಲಿಗುಂಡ ಆಡೂ ಮುಂದ ಗೆರಿ ದಾಟಿ ನಿಂತು ಹೊಡದ. ಎಂಟು ವರ್ಷದ ಹುಡುಗಿ ಒಬ್ಬಾಕಿ "ಹಂಗ ಆಡೂದಲ್ಲೋ" ಅಂದ್ಲು. ಇಂವ ಮತ್ತ ಅಲ್ಲೇ ನಿಂತ. "ಗೆರಿ ದಾಟಬಾರ್ದು" ಅಂದ್ಲು. ಮೂರನೇ ಸಲ ಎಲ್ಲಾರೂ ಕೂಡಿ ಕಿರುಬೆರಳು ತೋರಿಸಿ ಠೂ ಬಿಟ್ರು.

ಅಳಕೋತ ಬಂದ ನೋಡ್ರಿ, ನನಗ ತಡಕೊಳ್ಳಾಕ ಆಗಲಿಲ್ಲ. ರೊಟ್ಟಿ ಬಡಿಯೂದು ಬಿಟ್ಟು ಹಿಟ್ಟಿನ ಕೈಲೇ ಹೊರಗ ಹೋಗಿ, "ಸಣ್ಣಾಂವ ಅದಾನ, ಆಡಸ್ಕೋರಿ" ಅಂತ ಜೋರ ಮಾಡಿದೆ. ಹ್ಞೂಂ ಅಂದ್ರು. ಐದು ನಿಮಿಷದಾಗ "ನಮ್ಮವ್ವ ಕರ್ಯಾಕತ್ತಾಳ" ಅನಕೋತ ಒಬ್ಬೊಬ್ಬರ ಮನಿ ಕಡೆ ನಡದ್ರು. ಅಂಗಳದಾಗ ಮೊಮ್ಮಗ ಒಬ್ಬಾಂವನ ಉಳದ. ಆಮ್ಯಾಲೆ ಮೊದಲಿಗಿಂತ ಜಾಸ್ತಿ ಅತ್ತ.

ಆವತ್ತ ರಾತ್ರಿ ನನಗ ಪಿಯಾಜೆ ನೆನಪಾದ. ಬಿ.ಎಡ್. ಓದೂ ಮುಂದ ಅಂವ ಹೇಳಿದ ಹಂತ ಎಲ್ಲಾ ಬಾಯಿಪಾಠ ಮಾಡಿ ಪರೀಕ್ಷಾ ಬರದಿದ್ದೆ. ಅಂವ ಗುಂಡ ಆಡಿದ ಸಂಗತಿ ಮಾತ್ರ ನಮಗ ಯಾರೂ ಹೇಳಿರ್ಲಿಲ್ಲ, ನಾನು ಆಮ್ಯಾಲೆ ಓದಿ ತಿಳಕೊಂಡದ್ದು. ಜೀನ್ ಪಿಯಾಜೆ 1896ರಾಗ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಾಗ ಹುಟ್ಟಿದಾಂವ. ನ್ಯೂಶಾಟೆಲ್, ಜಿನೀವಾ ಹುಡುಗೂರ ಹಂತ್ಯಾಕ ಗುಂಡ ಹಿಡಕೊಂಡು ಕೂತು, "ಸಣ್ಣಾಂವ ಇದ್ದಾಗ ಆಡ್ತಿದ್ದೆ, ಈಗ ಮರತೈತಿ, ಕಲಸ್ರಿ" ಅಂತ ಕೇಳಾಂವ. ಬೇಕಂತನ ತಪ್ಪ ಆಡಾಂವ. ಅಂದ್ರ ಹುಡುಗೂರು ತಿದ್ದೂ ಮುಂದ ನೇಮ ಬಾಯಿಬಿಟ್ಟು ಹೇಳ್ತಾವ ಅಂತ. ಮಕ್ಕಳ ನೀತಿವಿವೇಚನೆ ಬಗ್ಗೆ ಅಂವ ಬರದ ಪುಸ್ತಕ 1932ರಾಗ ಬಂತು, ಶುರು ಆಗೂದ ಈ ಗುಂಡದಾಟದಿಂದ.

ಅಂವ ಕಂಡದ್ದು ಏನಂದ್ರ, ಮೂರರಿಂದ ಐದು ವರ್ಷದ ಕೂಸುಗಳು ಒಂದ ಕಡೆ ಕೂತರೂ ತಮ್ಮ ತಮ್ಮ ಆಟ ತಾವು ಆಡತಾವ, ಎಲ್ಲಾರೂ ಗೆಲ್ಲತಾರ. ಏಳೆಂಟು ವರ್ಷಕ್ಕ ಎಲ್ಲಾರಿಗೂ ಒಂದ ನೇಮ ಇರಬೇಕು ಅನ್ನೂ ಹಟ ಬರತೈತಿ. ಹನ್ನೊಂದು ಹನ್ನೆರಡಕ್ಕ ವಕೀಲರೇ ಆಗತಾರ. ನೇಮ ಎಲ್ಲಿಂದ ಬಂತು ಅಂತ ಕೇಳಿದ್ರ ಸಣ್ಣವು ಅಪ್ಪ ಮಾಡ್ಯಾನ, ದೇವರು ಮಾಡ್ಯಾನ, ಬದಲಿಸಾಕ ಬರೂದಿಲ್ಲ ಅಂದುವು. ದೊಡ್ಡವು, ಎಲ್ಲಾರೂ ಒಪ್ಪಿದ್ರ ಬದಲಿಸಬಹುದು ಅಂದುವು. ದೊಡ್ಡವರಿಗೆ ಅಂಜಿ ನಡಿಯೂದು ಬ್ಯಾರೆ, ಸರೀಕರ ಮಾತಿಗೆ ಬೆಲೆ ಕೊಟ್ಟು ನಡಿಯೂದು ಬ್ಯಾರೆ ಅಂತ ಅವನ ವಾದ. ಹಿಟ್ಟಿನ ಕೈಲೇ ಅಂಗಳಕ್ಕಿಳದ ಆಯಿ ಮಾಡಿದ್ದು ಮೊದಲನೇದು, ಹೌದಲ್ರಿ?

(ಹುಡಿಗೇರ ಆಟದಾಗ ನೇಮ ಅಷ್ಟು ಬೆಳದಿಲ್ಲ ಅಂತನೂ ಬರದಾನ, ಕಣ್ಣುಮುಚ್ಚಾಲಿ ನೋಡಿ. ಗಜಗದಾಟದಾಗ ನಮ್ಮ ಓಣಿಯೊಳಗ ಎಷ್ಟು ಕಾಯಿದೆ ಇದ್ದುವು ಅಂತ ನನ್ನ ಕೇಳಿದ್ರ ಹೇಳ್ತಿದ್ದೆ.)

1959ರಾಗ ಇಂಗ್ಲೆಂಡಿನ ಗಂಡ-ಹೆಂಡ್ತಿ, ಪೀಟರ್ ಮತ್ತ ಅಯೋನಾ ಓಪಿ, ಶಾಲಿ ಮಕ್ಕಳ ಮಾತು-ನಂಬಿಕಿ ಬಗ್ಗೆ ಒಂದು ದಪ್ಪ ಪುಸ್ತಕ ತಂದ್ರು. ಸುಮಾರು 70 ಶಾಲಿ, 5,000 ಮಕ್ಕಳಿಂದ ಕೂಡಿಸಿದ್ದು. ಆಟದಾಗ ನಾವು "ಟೈಂಪ್ಲೀಸ್" ಅಂದು ನಿಂದರ್ತಿದ್ವಲ್ಲ, ಅಂಥಾ ಪದಾನ ಅವರು ಊರೂರು ಹುಡಕ್ಯಾರ. ಲಂಡನ್ನಿನ ಹುಡುಗೂರು "ಫೇನೈಟ್ಸ್" ಅಂತಿದ್ರು, ಸ್ಕಾಟ್ಲೆಂಡಿನವು "ಬಾರ್ಲಿ", ಪೂರ್ವದ ಕಡೆ "ಕಿಂಗ್ಸ್". ಬೆರಳ ಮ್ಯಾಲೆ ಬೆರಳು ಹಾಕಿ ಆ ಮಾತು ಅಂದಾಂವನ್ನ ಮುಟ್ಟಾಂಗಿಲ್ಲ. ಯಾವ ಮಾಸ್ತರೂ ಇದನ್ನ ಕಲಿಸಿದ್ದಲ್ಲ. ಹತ್ತು ವರ್ಷದಾಂವ ಏಳು ವರ್ಷದಾಂವಗ ಹೇಳಿಕೋತ ಬಂದದ್ದು.

ಆದ್ರ ಸಣ್ಣ ಕೂಸಿನ ವಿಷಯದಾಗ ಪಿಯಾಜೆ ಕಡಿಮಿ ಅಂದಾಜು ಮಾಡ್ಯಾನ ಅಂತ ನನಗ ಅನಸತೈತಿ. 2008ರಾಗ ಜರ್ಮನಿಯ ಲೈಪ್‌ಝಿಗ್‌ನ ಸಂಶೋಧಕರು, ರಾಕೋಟ್ಸಿ, ವಾರ್ನೆಕೆನ್, ಟೊಮಸೆಲ್ಲೊ, ಎರಡು-ಮೂರು ವರ್ಷದ ಕೂಸುಗಳಿಗೆ ಒಂದು ಹೊಸಾ ಆಟ ತೋರಿಸಿದ್ರು, ಅದಕ್ಕ ಅರ್ಥ ಇಲ್ಲದ ಒಂದು ಹೆಸರಿಟ್ರು. ಆಮ್ಯಾಲೆ ಕೈಗೊಂಬಿ ಬಂದು, ನಾನೂ ಅದನ್ನ ಆಡ್ತೀನಿ ಅಂತ ಹೇಳಿ ತಪ್ಪ ಆಡತೈತಿ. ಮೂರು ವರ್ಷದವು ಸುಮ್ನ ಕೂಡಲಿಲ್ಲ, ಹಂಗಲ್ಲ ಅಂತ ಗೊಂಬಿಗೇ ತಿದ್ದಾಕ ಹೋದುವು. ಯಾರೂ ಅವಕ್ಕ ತಿದ್ರಿ ಅಂದಿರ್ಲಿಲ್ಲ, ಆಟ ಕೆಟ್ಟರ ಅವಕ್ಕೇನೂ ಲುಕ್ಸಾನೂ ಇರ್ಲಿಲ್ಲ.

ಅವು ಆಡೂ ಮಾತೂ ನೋಡ್ರಿ. "ನನಗ ಸೇರೂದಿಲ್ಲ" ಅಂದಿದ್ರ ಇನ್ನೊಂದು ಕೂಸು "ನನಗ ಸೇರತೈತಿ" ಅಂತಿತ್ತು, ಅಲ್ಲಿಗೆ ಮುಗೀತು. ನಮ್ಮ ಅಂಗಳದ ಹುಡುಗಿ ಏನಂದಿದ್ಲು? "ಹಂಗ ಆಡೂದಲ್ಲ." ಅದರಾಗ ನಾನೂ ಇಲ್ಲ, ನೀನೂ ಇಲ್ಲ. "ದಾಟಬಾರ್ದು" ಅನ್ನೂದರಾಗೂ ಯಾರೂ ಇಲ್ಲ, ಬರೇ ಗೆರಿ ಐತಿ. ಎಂಟು ವರ್ಷದಾಕಿ ನಾಕು ವರ್ಷದಾಂವನ ಮ್ಯಾಲೆ ಸಿಟ್ಟು ಮಾಡಲಿಲ್ಲ, ಎರಡು ಸಲ ನೇಮ ಹೇಳಿದ್ಲು, ಆಮ್ಯಾಲೆ ಠೂ. ನಾನು ಬರೇ ಠೂ ಕಂಡಿದ್ದೆ.

ಮರದಿವಸ ನಾನು ಹೊರಗ ಹೋಗಲಿಲ್ಲ. ಕಟ್ಟಿ ಮ್ಯಾಲೆ ಒಬ್ಬಾಂವನ ಕೂತಿದ್ದ. ಆ ಹುಡುಗೀನ ಬಂದು, "ಬಾರೋ, ನೀ ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂದ್ಲು. ನನಗ ಹೊಳಿಲಾರದ ದಾರಿ ಅದು, ನಾನೂ ಸಣ್ಣಾಕಿದ್ದಾಗ ಹಂಗೇ ಆಡಿದ್ರೂ. ಇವನ ಗುಂಡ ಎಲ್ಲಿ ಹೋದ್ರೂ ಯಾರೂ ಎಣಸೂದಿಲ್ಲ, ಇಂವ ಔಟ್ ಆಗೂದಿಲ್ಲ, ಗೆಲ್ಲೂದೂ ಇಲ್ಲ. ಒಂದು ವಾರ ಖುಷಿಲೆ ಆಡಿದ. ಎಂಟನೇ ದಿವಸ ತಾನ ಗೆರಿ ಹಿಂದ ನಿಂತು "ನಾನೂ ಲೆಕ್ಕಕ್ಕದೀನಿ" ಅಂದ. ಸಂಜಿ ಅನ್ನೂದ್ರಾಗ ಕಿಸೆದಾಗಿನ ಗುಂಡ ಎಲ್ಲಾ ಸೋತ. ಅಳು ಬಂದಿತ್ತು, ಆದ್ರ ಒಳಗ ಓಡಿ ಬರಲಿಲ್ಲ.

ಸೂಟಿ ಮುಗಿಯೂ ಮುಂದ ಬಾಜೂ ಮನಿಗೆ ಬೀಗರ ಕೂಸು ಒಂದು ಬಂತು, ಮೂರು ವರ್ಷದ್ದಿರಬೇಕು. ಸೀದಾ ಹೋಗಿ ಗೆರಿ ಮ್ಯಾಲೆ ನಿಂತು. ನಮ್ಮಾಂವ ಆ ಹುಡುಗಿ ದನಿಯೊಳಗ "ಹಂಗ ಆಡೂದಲ್ಲೋ" ಅಂದ. ಅಂದು, ನಾ ಬರತೀನೇನೋ ಅಂತ ಹಿಂದ ತಿರುಗಿ ಅಡಗಿ ಮನಿ ಕಿಡಕಿ ಕಡೆ ನೋಡಿದ. ನಾನು ರೊಟ್ಟಿ ಬಡೀತಿದ್ದೆ.