ಇನ್‌ಹೇಲರ್: ಒಂದು ಎಚ್ಚರಿಕೆಯ ಇತಿಹಾಸ

ಆಸ್ತಮಾ ರೋಗಿಗಳು ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸುವುದನ್ನು ನೀವು ನೋಡಿರಬಹುದು. ಏಕೆ ಗೊತ್ತೆ? ಔಷಧದ ಕಣಗಳಲ್ಲಿ ಸುಮಾರು 5 ಮೈಕ್ರೊಮೀಟರ್‌ಗಿಂತ ದೊಡ್ಡವು ಗಂಟಲಿನ ತಿರುವಿನಲ್ಲಿ ಗಾಳಿಯೊಡನೆ ತಿರುಗಲಾರವು. ಜಡತ್ವದಿಂದಾಗಿ ಅಲ್ಲಿಯೇ ಅಂಟಿಕೊಳ್ಳುತ್ತವೆ.

ಸಂಯುಕ್ತ ಇನ್‌ಹೇಲರಿನಲ್ಲಿ ಎರಡು ಔಷಧಗಳಿರುತ್ತವೆ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಬಾಯಲ್ಲಿ ಉಳಿದರೆ ಶಿಲೀಂಧ್ರ ಸೋಂಕು ತಗಲಬಹುದು, ದನಿ ಒಡೆಯಬಹುದು. ಶ್ವಾಸನಾಳವನ್ನು ಬಹುಹೊತ್ತು ಸಡಿಲವಾಗಿಡುವ ಸಾಲ್ಮೆಟೆರಾಲ್‌ನಂತಹ ಔಷಧದಿಂದ ಕೈ ನಡುಗಬಹುದು, ಎದೆಬಡಿತ ಹೆಚ್ಚಬಹುದು.

ಇದಕ್ಕಿಂತ ಗಂಭೀರವಾದ ಸಂಶಯವೂ ಒಂದಿತ್ತು. 1996ರಲ್ಲಿ ಅಮೆರಿಕದಲ್ಲಿ ಸಾಲ್ಮೆಟೆರಾಲ್ ಕುರಿತು ದೊಡ್ಡ ಅಧ್ಯಯನವೊಂದು ಆರಂಭವಾಯಿತು. ಭಾಗವಹಿಸಿದವರು 26 ಸಾವಿರಕ್ಕೂ ಹೆಚ್ಚು. ಸಾಲ್ಮೆಟೆರಾಲ್ ಪಡೆದ ಗುಂಪಿನಲ್ಲಿ 13 ಮಂದಿ ಆಸ್ತಮಾದಿಂದ ಸತ್ತರು. ಹುಸಿಮದ್ದು ಪಡೆದ ಗುಂಪಿನಲ್ಲಿ 3 ಮಂದಿ. 2003ರಲ್ಲಿ ಅಧ್ಯಯನವನ್ನು ನಿಲ್ಲಿಸಲಾಯಿತು. ಸಂಯುಕ್ತ ಇನ್‌ಹೇಲರಿನ ಮೇಲೂ ಚೌಕಟ್ಟಿನೊಳಗಿನ ಎಚ್ಚರಿಕೆ ಅಚ್ಚಾಯಿತು.

ಆದರೆ ಆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆರಂಭದಲ್ಲಿ ಸ್ಟೀರಾಯ್ಡ್ ಇನ್‌ಹೇಲರ್ ಬಳಸುತ್ತಿರಲಿಲ್ಲ. ಉಸಿರಾಟ ಹಗುರವಾದರೂ ಒಳಗಿನ ಉರಿಯೂತ ಬೆಳೆಯುತ್ತಿದ್ದಿರಬಹುದೆ? ಎರಡೂ ಔಷಧಗಳು ಜೊತೆಗಿದ್ದರೆ ಏನಾಗುತ್ತದೆ? ಇದನ್ನರಿಯಲು 41 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಾಲ್ಕು ಅಧ್ಯಯನಗಳು ನಡೆದವು. ಸ್ಟೀರಾಯ್ಡ್ ಒಂದನ್ನೇ ಪಡೆದವರಿಗೆ ಹೋಲಿಸಿದರೆ, ಸಂಯುಕ್ತ ಔಷಧ ಪಡೆದವರಲ್ಲಿ ಗಂಭೀರ ಅಪಾಯ ಹೆಚ್ಚಿರಲಿಲ್ಲ. ಆಸ್ತಮಾ ಉಲ್ಬಣಿಸುವುದೂ ಕಡಿಮೆಯಾಗಿತ್ತು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಚೌಕಟ್ಟನ್ನು ತೆಗೆಸಿತು. ಸಾಲ್ಮೆಟೆರಾಲನ್ನು ಆಸ್ತಮಾಕ್ಕೆ ಒಂಟಿಯಾಗಿ ಬಳಸಬಾರದೆಂಬ ಎಚ್ಚರಿಕೆ ಮಾತ್ರ ಉಳಿಯಿತು.

ಹಾಗಾಗಿ, ಅಡ್ಡಪರಿಣಾಮಕ್ಕೆ ಅಂಜಿ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ. ತೊಂದರೆಯಾದರೆ ವೈದ್ಯರಿಗೆ ತಿಳಿಸಿ. ಬಾಯಿ ಮುಕ್ಕಳಿಸಿ ನೀರನ್ನು ಉಗುಳುವುದನ್ನು ಮರೆಯದಿರಿ.