ಎಫ್‌ಎಸ್‌ಎ ಖಾತೆ: ‘ತೆರಿಗೆ ಇಲ್ಲದ ಹಣ’ದ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ತಪ್ಪು ಎಷ್ಟು?

ಅಮೆರಿಕದಲ್ಲಿ ಕೆಲಸದಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಿಗೆ ವರ್ಷದ ಕೊನೆಯಲ್ಲಿ ಕೆಲವು ಸಂದೇಶಗಳು ತಪ್ಪದೆ ಬರುತ್ತವೆ. “ಎಫ್‌ಎಸ್‌ಎಗೆ ಪೂರ್ತಿ ಹಣ ಹಾಕಿ, ತೆರಿಗೆ ಉಳಿಸಿ” ಎನ್ನುತ್ತದೆ ಒಂದು. “ಡಿಸೆಂಬರ್ 31ರೊಳಗೆ ಖರ್ಚು ಮಾಡದಿದ್ದರೆ ಸರ್ಕಾರ ನಿಮ್ಮ ಹಣ ನುಂಗುತ್ತದೆ” ಎನ್ನುತ್ತದೆ ಇನ್ನೊಂದು. “ಊರಿಂದ ಬಂದ ಅಮ್ಮನಿಗೆ ಮಗು ನೋಡಿಕೊಳ್ಳಲು ಸಂಬಳ ಕೊಟ್ಟಂತೆ ತೋರಿಸಿ ಕ್ಲೈಮ್ ಮಾಡಬಹುದು” ಎಂಬುದು ಮೂರನೆಯದು. ಇವುಗಳಲ್ಲಿ ಅರ್ಧ ನಿಜವಿದೆ, ಅರ್ಧ ಅಪಾಯವಿದೆ. ಒಂದೊಂದಾಗಿ ನೋಡೋಣ.

ಎಫ್‌ಎಸ್‌ಎ ಎಂದರೇನು?

ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್ ಎಂಬುದರ ಚಿಕ್ಕ ರೂಪ ಎಫ್‌ಎಸ್‌ಎ. ಇದು ಬ್ಯಾಂಕಿನಲ್ಲಿ ನಾವೇ ತೆರೆಯುವ ಖಾತೆಯಲ್ಲ. ನೀವು ಕೆಲಸ ಮಾಡುವ ಕಂಪನಿ ಈ ಸೌಲಭ್ಯ ಕೊಟ್ಟಿದ್ದರೆ ಮಾತ್ರ ಸಿಗುತ್ತದೆ. ಸ್ವಂತ ಉದ್ಯೋಗ ಮಾಡುವವರಿಗೆ ಇಲ್ಲ. ಇದಕ್ಕೆ ಆಧಾರ ಅಮೆರಿಕದ ತೆರಿಗೆ ಕಾನೂನಿನ 125ನೇ ಸೆಕ್ಷನ್. 1978ರ ರೆವೆನ್ಯೂ ಆ್ಯಕ್ಟ್ ಮೂಲಕ ಅದು ಜಾರಿಗೆ ಬಂತು.

ಕೆಲಸ ಮಾಡುವ ರೀತಿ ಸರಳ. ವರ್ಷಕ್ಕೆ ಇಷ್ಟು ಡಾಲರ್ ಎಂದು ನೀವು ಮೊದಲೇ ಹೇಳುತ್ತೀರಿ. ಕಂಪನಿ ಅದನ್ನು ಪ್ರತಿ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿಯುತ್ತದೆ, ಅದೂ ತೆರಿಗೆ ಲೆಕ್ಕ ಹಾಕುವ ಮೊದಲೇ. ಹಾಗಾಗಿ ಆ ಹಣಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ. 6.2% ಸೋಷಿಯಲ್ ಸೆಕ್ಯುರಿಟಿ ತೆರಿಗೆ ಮತ್ತು 1.45% ಮೆಡಿಕೇರ್ ತೆರಿಗೆ ಕೂಡ ಇಲ್ಲ.

ಇದರಲ್ಲಿ ಎರಡು ಬಗೆ ಇವೆ. ಹೆಸರು ಒಂದೇ ಥರ ಕೇಳಿಸಿದರೂ ನಿಯಮಗಳು ಬೇರೆ ಬೇರೆ.

• ಹೆಲ್ತ್ ಎಫ್‌ಎಸ್‌ಎ: ವಿಮೆ ಕೊಡದ ವೈದ್ಯಕೀಯ, ಹಲ್ಲು ಮತ್ತು ಕಣ್ಣಿನ ಖರ್ಚಿಗೆ. 2025ರಲ್ಲಿ ಮಿತಿ 3,300 ಡಾಲರ್, 2026ರಲ್ಲಿ 3,400 ಡಾಲರ್.

• ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ: ನೀವು ಕೆಲಸಕ್ಕೆ ಹೋಗುವಾಗ ಮಗುವನ್ನು ಅಥವಾ ಅವಲಂಬಿತರನ್ನು ನೋಡಿಕೊಳ್ಳುವ ಖರ್ಚಿಗೆ. ಬಹಳ ವರ್ಷ ಒಂದು ಕುಟುಂಬಕ್ಕೆ 5,000 ಡಾಲರ್ ಎಂದೇ ಇದ್ದ ಮಿತಿ 2026ರಿಂದ 7,500 ಡಾಲರ್ ಆಗಿದೆ. ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್ ಸಲ್ಲಿಸಿದರೆ ತಲಾ 3,750. ಆದರೆ ಹೊಸ ಮಿತಿಯನ್ನು ನಿಮ್ಮ ಕಂಪನಿ ತನ್ನ ಪ್ಲಾನ್‌ನಲ್ಲಿ ಅಳವಡಿಸಿರಬೇಕು. ಎಚ್‌ಆರ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಹೇಳಿಕೆ 1: “ಪೂರ್ತಿ ಮಿತಿಯಷ್ಟು ಹಾಕಿದರೆ ಲಾಭವೇ ಲಾಭ”

ಇದು ಅರ್ಧ ನಿಜ. ಲೆಕ್ಕ ಹಾಕಿ ನೋಡಿ. ನಿಮ್ಮ ಆದಾಯ 22% ತೆರಿಗೆ ಹಂತದಲ್ಲಿದೆ ಎಂದುಕೊಳ್ಳಿ. ಅದಕ್ಕೆ 7.65% ಸೇರಿಸಿದರೆ 29.65%. ಹೆಲ್ತ್ ಎಫ್‌ಎಸ್‌ಎಗೆ 2,000 ಡಾಲರ್ ಹಾಕಿ ಪೂರ್ತಿ ಬಳಸಿದರೆ ಸುಮಾರು 593 ಡಾಲರ್ ಉಳಿಯುತ್ತದೆ.

ಈಗ ಖರ್ಚು ಇರುವುದು ಅದೇ 2,000 ಡಾಲರ್, ಆದರೆ ಫಾರ್ವರ್ಡ್ ನಂಬಿ 3,400 ಹಾಕಿದಿರಿ ಎಂದುಕೊಳ್ಳಿ. ತೆರಿಗೆಯಲ್ಲಿ ಉಳಿದದ್ದು ಸುಮಾರು 1,008 ಡಾಲರ್. ಬಳಸದೆ ಉಳಿದದ್ದು 1,400 ಡಾಲರ್. ನಿಮ್ಮ ಪ್ಲಾನ್‌ನಲ್ಲಿ ಮುಂದಿನ ವರ್ಷಕ್ಕೆ ಸಾಗಿಸುವ ಅವಕಾಶ ಇಲ್ಲದಿದ್ದರೆ ಆ 1,400 ಹೋಯಿತು. ಅಂದರೆ ಒಟ್ಟಾರೆ ಸುಮಾರು 392 ಡಾಲರ್ ನಷ್ಟ. ಕಡಿಮೆ ಹಾಕಿದವರಿಗೆ ಲಾಭ, ಹೆಚ್ಚು ಹಾಕಿದವರಿಗೆ ನಷ್ಟ.

ಹಾಗಾಗಿ ಖಚಿತವಾಗಿ ಬರುವ ಖರ್ಚನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ: ಕನ್ನಡಕ, ಹಲ್ಲಿನ ಕೆಲಸ, ತಿಂಗಳು ತಿಂಗಳು ಕೊಳ್ಳುವ ಮಾತ್ರೆ, ಡಾಕ್ಟರ ಭೇಟಿಗೆ ಕೈಯಿಂದ ಕೊಡುವ ಹಣ. ಒಮ್ಮೆ ಹೇಳಿದ ಮೊತ್ತವನ್ನು ವರ್ಷದ ಮಧ್ಯೆ ಮನಸ್ಸು ಬಂದಂತೆ ಬದಲಿಸಲು ಆಗುವುದಿಲ್ಲ. ಮದುವೆ, ಮಗು ಹುಟ್ಟುವುದು, ವಿಚ್ಛೇದನ, ಕೆಲಸದ ಬದಲಾವಣೆಯಂಥ ಸಂದರ್ಭಗಳಲ್ಲಿ ಮಾತ್ರ ಅವಕಾಶ.

ಹೇಳಿಕೆ 2: “ಬಳಸದ ಹಣವನ್ನು ಸರ್ಕಾರ ತೆಗೆದುಕೊಳ್ಳುತ್ತದೆ”

ತಪ್ಪು. ಬಳಸದ ಹಣ ಸರ್ಕಾರಕ್ಕೆ ಹೋಗುವುದಿಲ್ಲ, ಕಂಪನಿಯ ಪ್ಲಾನ್‌ನಲ್ಲೇ ಉಳಿಯುತ್ತದೆ. ಪ್ಲಾನ್ ನಡೆಸುವ ಖರ್ಚಿಗೆ ಕಂಪನಿ ಅದನ್ನು ಬಳಸಬಹುದು. ಆದರೆ ನಿಮ್ಮ ಕೈಗಂತೂ ಬರುವುದಿಲ್ಲ ಎಂಬುದು ನಿಜ.

“ಡಿಸೆಂಬರ್ 31ಕ್ಕೆ ಎಲ್ಲ ಮುಗಿಯಿತು” ಎಂಬುದೂ ಎಲ್ಲರಿಗೂ ಅನ್ವಯಿಸುವುದಿಲ್ಲ. ಹೆಲ್ತ್ ಎಫ್‌ಎಸ್‌ಎಯಲ್ಲಿ ಕಂಪನಿ ಎರಡರಲ್ಲಿ ಒಂದು ರಿಯಾಯಿತಿ ಕೊಡಬಹುದು. ಒಂದೋ, ಒಂದಿಷ್ಟು ಹಣವನ್ನು ಮುಂದಿನ ವರ್ಷಕ್ಕೆ ಸಾಗಿಸಬಹುದು. 2025ರ ಪ್ಲಾನ್‌ನಿಂದ ಗರಿಷ್ಠ 660 ಡಾಲರ್, 2026ರ ಪ್ಲಾನ್‌ನಿಂದ 680 ಡಾಲರ್. ಇಲ್ಲವೇ, ಖರ್ಚು ಮಾಡಲು ಎರಡೂವರೆ ತಿಂಗಳು ಹೆಚ್ಚುವರಿ ಸಮಯ. ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಎರಡನ್ನೂ ಕೊಡದೆಯೂ ಇರಬಹುದು. ಡಿಪೆಂಡೆಂಟ್ ಕೇರ್ ಖಾತೆಯಲ್ಲಿ ಹಣ ಸಾಗಿಸುವ ಅವಕಾಶ ಇಲ್ಲ, ಹೆಚ್ಚುವರಿ ಸಮಯ ಮಾತ್ರ ಕೊಡಬಹುದು.

ಇನ್ನೊಂದು ಮುಖ್ಯ ವಿಷಯ. ಲೆಕ್ಕಕ್ಕೆ ಬರುವುದು ನೀವು ಹಣ ಕಟ್ಟಿದ ದಿನವಲ್ಲ, ಚಿಕಿತ್ಸೆ ಅಥವಾ ಸೇವೆ ಪಡೆದ ದಿನ. ಮುಂದಿನ ಮಾರ್ಚ್‌ನಲ್ಲಿ ಮಾಡಿಸುವ ಹಲ್ಲಿನ ಕೆಲಸಕ್ಕೆ ಡಿಸೆಂಬರ್‌ನಲ್ಲೇ ಹಣ ಕಟ್ಟಿ ಹಳೆಯ ವರ್ಷದ ಖಾತೆಯಲ್ಲಿ ತೋರಿಸಲು ಬರುವುದಿಲ್ಲ.

ಹೇಳಿಕೆ 3: “ಆನ್‌ಲೈನ್ ಪತ್ರ ತಗೊಂಡರೆ ಜಿಮ್, ಪ್ರೋಟೀನ್ ಪೌಡರ್ ಎಲ್ಲಾ ಫ್ರೀ”

ಈ ಸಂದೇಶದ ಬಗ್ಗೆ ಹೆಚ್ಚು ಎಚ್ಚರ ಬೇಕು. 2024ರ ಮಾರ್ಚ್‌ನಲ್ಲಿ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಆಹಾರ, ವ್ಯಾಯಾಮ ಮತ್ತು ಸಾಮಾನ್ಯ ಆರೋಗ್ಯದ ಖರ್ಚನ್ನು ವೈದ್ಯಕೀಯ ಖರ್ಚೆಂದು ತೋರಿಸಲು ಕೆಲವು ಕಂಪನಿಗಳು ಜನರನ್ನು ಪ್ರೇರೇಪಿಸುತ್ತಿವೆ, ನಾವೇ ತುಂಬಿದ ಮಾಹಿತಿಯ ಮೇಲೆ ಮಾತ್ರ ಬರೆದುಕೊಟ್ಟ ಪತ್ರದಿಂದ ಅಂಥ ಖರ್ಚು ವೈದ್ಯಕೀಯ ಖರ್ಚಾಗುವುದಿಲ್ಲ ಎಂಬುದು ಅದರ ತಿರುಳು.

ಸಾಮಾನ್ಯವಾಗಿ ಒಪ್ಪುವ ಖರ್ಚುಗಳು: ಡಾಕ್ಟರ ಶುಲ್ಕ, ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಹಲ್ಲಿನ ಚಿಕಿತ್ಸೆ ಮತ್ತು ತಂತಿ, ಬಿಪಿ ಮಿಷನ್, ಬ್ಯಾಂಡೇಜ್, ಎದೆಹಾಲು ತೆಗೆಯುವ ಪಂಪ್. 2020ರ ಕೇರ್ಸ್ ಆ್ಯಕ್ಟ್ ನಂತರ ಚೀಟಿ ಇಲ್ಲದೆ ಕೊಳ್ಳುವ ನೆಗಡಿ, ಜ್ವರ, ನೋವಿನ ಮಾತ್ರೆಗಳೂ, ಸ್ಯಾನಿಟರಿ ಪ್ಯಾಡ್‌ಗಳೂ ಸೇರಿವೆ.

ಒಪ್ಪದ ಖರ್ಚುಗಳು: ಟೂತ್‌ಪೇಸ್ಟ್, ಹಲ್ಲು ಬೆಳ್ಳಗಾಗಿಸುವುದು, ಅಂದಕ್ಕಾಗಿ ಮಾಡಿಸುವ ಸರ್ಜರಿ, ಸುಮ್ಮನೆ ಆರೋಗ್ಯಕ್ಕೆಂದು ತಿನ್ನುವ ವಿಟಮಿನ್, ಆರೋಗ್ಯ ವಿಮೆಯ ಕಂತು.

ಹೇಳಿಕೆ 4: “ಬೆಂಗಳೂರಲ್ಲಿ ಹಲ್ಲು ಕಟ್ಟಿಸಿದರೆ ಕ್ಲೈಮ್ ಆಗಲ್ಲ”

ತಪ್ಪು. ಅಮೆರಿಕದ ಹೊರಗೆ ಪಡೆದ ಚಿಕಿತ್ಸೆ ಎಂಬ ಒಂದೇ ಕಾರಣಕ್ಕೆ ಖರ್ಚು ಅನರ್ಹವಾಗುವುದಿಲ್ಲ. ರಜೆಗೆ ಊರಿಗೆ ಬಂದಾಗ ಮಾಡಿಸಿದ ರೂಟ್ ಕೆನಾಲ್ ಅಥವಾ ಕಣ್ಣಿನ ಪರೀಕ್ಷೆಯನ್ನು ಕ್ಲೈಮ್ ಮಾಡಬಹುದು. ರೋಗಿಯ ಹೆಸರು, ದಿನಾಂಕ, ಯಾವ ಚಿಕಿತ್ಸೆ, ಎಷ್ಟು ಹಣ ಎಂದು ಬಿಡಿಬಿಡಿಯಾಗಿ ಬರೆದ ಬಿಲ್ ಬೇಕು. “ಒಟ್ಟು ಪಾವತಿಯಾಗಿದೆ” ಎಂಬ ಚೀಟಿ ಅಥವಾ ಯುಪಿಐ ಸ್ಕ್ರೀನ್‌ಶಾಟ್ ಸಾಲದು. ಬಿಲ್ ಕನ್ನಡದಲ್ಲಿದ್ದರೆ ಇಂಗ್ಲಿಷ್‌ನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಔಷಧಿಯ ವಿಷಯ ಬೇರೆ. ಎರಡೂ ದೇಶಗಳಲ್ಲಿ ಕಾನೂನುಬದ್ಧವಾದ, ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಭಾರತದಲ್ಲೇ ಕೊಂಡು ಅಲ್ಲೇ ಸೇವಿಸಿದ್ದರೆ ಸರಿ. ವರ್ಷಕ್ಕಾಗುವಷ್ಟು ಮಾತ್ರೆ ಸೂಟ್‌ಕೇಸ್‌ನಲ್ಲಿ ತುಂಬಿ ಅಮೆರಿಕಕ್ಕೆ ತಂದರೆ ಸಾಮಾನ್ಯವಾಗಿ ಆ ಖರ್ಚು ಒಪ್ಪುವುದಿಲ್ಲ.

ಹೇಳಿಕೆ 5: “ಅಪ್ಪ ಅಮ್ಮನ ಆಸ್ಪತ್ರೆ ಬಿಲ್ ಹಾಕಬಹುದು”

ಹೆಚ್ಚಿನವರಿಗೆ ತಪ್ಪು. ಹೆಲ್ತ್ ಎಫ್‌ಎಸ್‌ಎ ನಿಮಗೆ, ನಿಮ್ಮ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಮತ್ತು ತೆರಿಗೆ ಕಾನೂನಿನ ಪ್ರಕಾರ ಅವಲಂಬಿತರಾದವರಿಗೆ ಮಾತ್ರ. ಅವಲಂಬಿತರು ಎನಿಸಿಕೊಳ್ಳಲು ತೆರಿಗೆಯ ದೃಷ್ಟಿಯಿಂದ ಅಮೆರಿಕದ ಪ್ರಜೆ ಅಥವಾ ನಿವಾಸಿ, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೋದ ನಿವಾಸಿ ಆಗಿರಬೇಕು. ಭಾರತದಲ್ಲೇ ಇರುವ ತಂದೆ ತಾಯಿಗೆ ನೀವು ಪೂರ್ತಿ ಹಣ ಕಳಿಸುತ್ತಿದ್ದರೂ ಅವರು ಇದರಲ್ಲಿ ಬರುವುದಿಲ್ಲ. ಕೆಲವು ವಾರ ಬಂದು ಹೋಗುವವರೂ ಸಾಮಾನ್ಯವಾಗಿ ಬರುವುದಿಲ್ಲ. ಗ್ರೀನ್ ಕಾರ್ಡ್ ಪಡೆದು ನಿಮ್ಮ ಜೊತೆಗಿದ್ದು, ಅವರ ಅರ್ಧಕ್ಕಿಂತ ಹೆಚ್ಚು ಖರ್ಚನ್ನು ನೀವೇ ನೋಡಿಕೊಳ್ಳುತ್ತಿದ್ದರೆ ವಿಚಾರಿಸಬಹುದು.

ಹೇಳಿಕೆ 6: “ಮಗು ನೋಡಿಕೊಳ್ಳುವ ಅಜ್ಜಿಗೆ ಸಂಬಳ ತೋರಿಸಿ”

ಈ ಫಾರ್ವರ್ಡ್‌ನಿಂದ ದೊಡ್ಡ ತೊಂದರೆ ಆಗಬಹುದು. ಬಂಧುಗಳಿಗೆ ಹಣ ಕೊಡುವುದನ್ನು ಡಿಪೆಂಡೆಂಟ್ ಕೇರ್ ನಿಯಮ ಪೂರ್ತಿ ನಿಷೇಧಿಸಿಲ್ಲ. ಆದರೆ ಆ ವ್ಯಕ್ತಿ ನಿಮ್ಮ ಗಂಡ ಅಥವಾ ಹೆಂಡತಿ, ನಿಮ್ಮ ಅವಲಂಬಿತರು, ಇಲ್ಲವೇ 19 ವರ್ಷದೊಳಗಿನ ನಿಮ್ಮ ಮಗ ಅಥವಾ ಮಗಳು ಆಗಿರಬಾರದು. ಹಣ ಪಡೆದವರ ಹೆಸರು, ವಿಳಾಸ, ತೆರಿಗೆ ಗುರುತಿನ ಸಂಖ್ಯೆಯನ್ನು ನಿಮ್ಮ ರಿಟರ್ನ್‌ನ ಫಾರ್ಮ್ 2441ರಲ್ಲಿ ಬರೆಯಬೇಕು.

ಇಲ್ಲೇ ಸಮಸ್ಯೆ. ಬಿ-2 ವಿಸಿಟರ್ ವೀಸಾದಲ್ಲಿ ಬಂದವರು ಅಮೆರಿಕದಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಅಮ್ಮನಿಗೆ ಸಂಬಳ ಕೊಟ್ಟೆ ಎಂದು ತೆರಿಗೆ ಫಾರ್ಮ್‌ನಲ್ಲಿ ಬರೆಯುವುದು ಎಂದರೆ ಅವರು ವೀಸಾ ನಿಯಮ ಮುರಿದರು ಎಂದು ನಾವೇ ಲಿಖಿತವಾಗಿ ಕೊಟ್ಟಂತೆ. ಕೊಡದೆ ಕೊಟ್ಟಂತೆ ತೋರಿಸಿದರೆ ಅದು ಸುಳ್ಳು ಲೆಕ್ಕ. ಸ್ವಲ್ಪ ಡಾಲರ್ ಉಳಿಸಲು ಹೋಗಿ ಅವರು ಮತ್ತೆ ಮೊಮ್ಮಗುವನ್ನು ನೋಡಲು ಬರುವುದಕ್ಕೇ ಅಡ್ಡಿಯಾಗಬಹುದು.

ಹೇಳಿಕೆ 7: “ಡೇಕೇರ್ ಖರ್ಚು ಎಲ್ಲರಿಗೂ ಸಿಗುತ್ತದೆ”

ಇಲ್ಲ. ಈ ಖಾತೆ ಇರುವುದೇ ನೀವು ಕೆಲಸ ಮಾಡಲು ಸಾಧ್ಯವಾಗಲಿ ಎಂದು. ಮದುವೆಯಾದವರಲ್ಲಿ ಇಬ್ಬರೂ ದುಡಿಯುತ್ತಿರಬೇಕು. ಇಬ್ಬರಲ್ಲಿ ಯಾರ ದುಡಿಮೆ ಕಡಿಮೆಯೋ ಅದಕ್ಕಿಂತ ಹೆಚ್ಚು ಮೊತ್ತಕ್ಕೆ ತೆರಿಗೆ ವಿನಾಯಿತಿ ಇಲ್ಲ. ಎಚ್-4 ವೀಸಾದಲ್ಲಿದ್ದು ಕೆಲಸದ ಪರವಾನಗಿ ಇಲ್ಲದ ಸಂಗಾತಿಯ ದುಡಿಮೆ ಸೊನ್ನೆ, ಹಾಗಾಗಿ ವಿನಾಯಿತಿಯೂ ಸೊನ್ನೆ. ಸಂಗಾತಿ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದರೆ ಬೇರೆ ಲೆಕ್ಕ ಇದೆ. ಇದನ್ನು ತಿಳಿಯದೆ ಹಣ ಹಾಕಿದವರು ಆಮೇಲೆ ಆ ಮೊತ್ತಕ್ಕೆ ಆದಾಯ ತೆರಿಗೆ ಕಟ್ಟಬೇಕಾಗುತ್ತದೆ.

ಮಗುವಿಗೆ 13 ವರ್ಷ ತುಂಬಿರಬಾರದು. ಡೇಕೇರ್, ನರ್ಸರಿ, ಶಾಲೆಯ ಮೊದಲು ಮತ್ತು ನಂತರದ ಆರೈಕೆ, ಬೇಸಿಗೆಯ ಹಗಲಿನ ಕ್ಯಾಂಪ್ ನಡೆಯುತ್ತದೆ. ರಾತ್ರಿ ಉಳಿಯುವ ಕ್ಯಾಂಪ್, ಕಿಂಡರ್‌ಗಾರ್ಟನ್ ಮತ್ತು ಮೇಲಿನ ತರಗತಿಗಳ ಫೀಸು, ಟ್ಯೂಷನ್ ನಡೆಯುವುದಿಲ್ಲ.

ಒಂದೇ ಖರ್ಚಿಗೆ ಎರಡು ಲಾಭವೂ ಇಲ್ಲ. ಮಕ್ಕಳ ಆರೈಕೆಗೆ ಸಿಗುವ ತೆರಿಗೆ ಕ್ರೆಡಿಟ್‌ನಲ್ಲಿ ಒಂದು ಮಗುವಿಗೆ 3,000, ಎರಡು ಅಥವಾ ಹೆಚ್ಚು ಮಕ್ಕಳಿಗೆ 6,000 ಡಾಲರ್ ಖರ್ಚನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಎಫ್‌ಎಸ್‌ಎಯಿಂದ ಪಡೆದ ಮೊತ್ತವನ್ನು ಅದರಲ್ಲಿ ಕಳೆಯುತ್ತಾರೆ. 7,500 ಪೂರ್ತಿ ಬಳಸಿದರೆ ಕ್ರೆಡಿಟ್‌ಗೆ ಏನೂ ಉಳಿಯುವುದಿಲ್ಲ. ಆದಾಯ ಕಡಿಮೆ ಇರುವವರು ಎರಡನ್ನೂ ಹೋಲಿಸಿ ನೋಡುವುದು ಒಳ್ಳೆಯದು.

ಕೆಲಸ ಹೋದರೆ?

ಲೇಆಫ್ ಭಯ ಇರುವವರು ಇದನ್ನು ತಿಳಿದಿರಲೇಬೇಕು. ಹೆಲ್ತ್ ಎಫ್‌ಎಸ್‌ಎಯಲ್ಲಿ ವರ್ಷದ ಪೂರ್ತಿ ಮೊತ್ತ ಮೊದಲ ದಿನದಿಂದಲೇ ಬಳಕೆಗೆ ಸಿಗುತ್ತದೆ. ವರ್ಷಕ್ಕೆ 2,400 ಎಂದು ಹೇಳಿ, ಜನವರಿಯಲ್ಲೇ 1,500 ಡಾಲರ್ ಹಲ್ಲಿನ ಬಿಲ್ ಪಡೆಯಬಹುದು. ಫೆಬ್ರವರಿಯಲ್ಲಿ ಕೆಲಸ ಹೋದರೂ ಉಳಿದ ಹಣವನ್ನು ಕಂಪನಿ ನಿಮ್ಮಿಂದ ವಾಪಸ್ ಕೇಳುವಂತಿಲ್ಲ.

ಆದರೆ ಬಳಸದೆ ಬಿಟ್ಟಿದ್ದರೆ, ಕೆಲಸ ಬಿಟ್ಟ ನಂತರದ ಚಿಕಿತ್ಸೆಗೆ ಸಾಮಾನ್ಯವಾಗಿ ಆ ಹಣ ಸಿಗುವುದಿಲ್ಲ. ಕೊನೆಯ ದಿನಕ್ಕೆ ಮೊದಲು ಪಡೆದ ಚಿಕಿತ್ಸೆಯ ಬಿಲ್ಲನ್ನು ಪ್ಲಾನ್ ಕೊಟ್ಟ ಗಡುವಿನೊಳಗೆ ಸಲ್ಲಿಸಬಹುದು. ಡಿಪೆಂಡೆಂಟ್ ಕೇರ್ ಖಾತೆಯಲ್ಲಿ ಈ ಮುಂಗಡ ಸೌಲಭ್ಯ ಇಲ್ಲ; ಎಷ್ಟು ಹಣ ಜಮೆಯಾಗಿದೆಯೋ ಅಷ್ಟೇ.

ಎಚ್‌ಎಸ್‌ಎ ಬೇರೆ, ಎಫ್‌ಎಸ್‌ಎ ಬೇರೆ

ಫಾರ್ವರ್ಡ್‌ಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ. ಎಚ್‌ಎಸ್‌ಎ ನಿಮ್ಮ ಹೆಸರಿನ ಖಾತೆ. ಕೆಲಸ ಬದಲಾದರೂ ನಿಮ್ಮ ಜೊತೆ ಬರುತ್ತದೆ, ಹಣ ವರ್ಷದ ಕೊನೆಗೆ ಹೋಗುವುದಿಲ್ಲ. ಆದರೆ ಅದಕ್ಕೆ ಅರ್ಹವಾದ ಆರೋಗ್ಯ ವಿಮೆ ಇರಬೇಕು. ನಿಮಗಾಗಲಿ ನಿಮ್ಮ ಸಂಗಾತಿಗಾಗಲಿ ಸಾಮಾನ್ಯ ಹೆಲ್ತ್ ಎಫ್‌ಎಸ್‌ಎ ಇದ್ದರೆ ನೀವು ಎಚ್‌ಎಸ್‌ಎಗೆ ಹಣ ಹಾಕುವಂತಿಲ್ಲ. ಹಲ್ಲು ಮತ್ತು ಕಣ್ಣಿಗೆ ಮಾತ್ರ ಸೀಮಿತವಾದ ಎಫ್‌ಎಸ್‌ಎ ಇದ್ದರೆ ಅಡ್ಡಿಯಿಲ್ಲ.

ಊರಲ್ಲಿ ಈ ಸಂದೇಶ ಓದಿ “ನಾವೂ ತೆರೆಯೋಣ” ಎಂದುಕೊಂಡವರಿಗೆ ಒಂದು ಮಾತು: ಭಾರತದಲ್ಲಿ ಇಂಥ ಖಾತೆ ಇಲ್ಲ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆರೋಗ್ಯ ವಿಮೆಯ ಕಂತಿನ ಮೇಲೆ ಸಿಗುವ ಕಡಿತ ಬೇರೆಯೇ ವ್ಯವಸ್ಥೆ.

ಫಾರ್ವರ್ಡ್ ಮಾಡುವ ಮುನ್ನ

• ಸಂದೇಶದಲ್ಲಿರುವ ಮಿತಿ ಯಾವ ವರ್ಷದ್ದು ನೋಡಿ. ಹೆಲ್ತ್ ಎಫ್‌ಎಸ್‌ಎ ಮಿತಿ ವರ್ಷದಿಂದ ವರ್ಷಕ್ಕೆ ಬದಲಾಗಬಹುದು.

• ಹೆಲ್ತ್ ಎಫ್‌ಎಸ್‌ಎ, ಡಿಪೆಂಡೆಂಟ್ ಕೇರ್, ಎಚ್‌ಎಸ್‌ಎ ಮೂರರಲ್ಲಿ ಯಾವುದರ ಮಾತು ಎಂದು ಗಮನಿಸಿ.

• ಹಣ ಸಾಗಿಸುವ ಅವಕಾಶ, ಹೆಚ್ಚುವರಿ ಸಮಯ, ಬಿಲ್ ಸಲ್ಲಿಸುವ ಗಡುವು: ಇವನ್ನು ನಿಮ್ಮ ಕಂಪನಿಯ ಪ್ಲಾನ್ ದಾಖಲೆಯಲ್ಲೇ ಓದಿ. ಸ್ನೇಹಿತರ ಕಂಪನಿಯ ನಿಯಮ ನಿಮಗೆ ಅನ್ವಯಿಸುವುದಿಲ್ಲ.

• ವೀಸಾಕ್ಕೆ ಸಂಬಂಧಿಸಿದ ಸಲಹೆ ಇದ್ದರೆ, ತೆರಿಗೆ ಮತ್ತು ವಲಸೆ ಎರಡೂ ಬಲ್ಲವರನ್ನು ಕೇಳದೆ ಮುಂದೆ ಕಳಿಸಬೇಡಿ.