ಬಾಳೆ: ಕಾಡಿನಿಂದ ತೋಟಕ್ಕೆ ಬಂದ ದಾರಿ

ಬಾಳೆ ನೋಡಲು ಮರದಂತಿದ್ದರೂ ಸಸ್ಯಶಾಸ್ತ್ರದ ಪ್ರಕಾರ ಅದೊಂದು ದೊಡ್ಡ ಮೂಲಿಕೆ. ಹೊರಗೆ ಕಾಣುವ ದಪ್ಪ ಕಾಂಡ ಒಂದರ ಮೇಲೊಂದು ಸುತ್ತಿಕೊಂಡ ಎಲೆಗಳ ಬುಡ. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಕಂದಮೂಲ ಬಳಸದ ಜೈನ ಮನೆಗಳಲ್ಲಿ ಆಲೂಗಡ್ಡೆಯ ಬದಲು ಪಲ್ಯ, ಬಜ್ಜಿ, ಚಿಪ್ಸ್‌ಗೆ ಬಾಳೆಕಾಯಿ ಬಳಸುವುದು ರೂಢಿ. ಗೆಡ್ಡೆ ನೆಲದಲ್ಲಿದ್ದರೂ ಕಾಯಿ ಮೇಲೆ ಗೊನೆಯಲ್ಲಿ ಬಿಡುತ್ತದೆ. ಗೊನೆ ಕಡಿದ ಮೇಲೆ ಬುಡದ ಮರಿಗಳು ಬೆಳೆಯನ್ನು ಮುಂದುವರಿಸುತ್ತವೆ.

ಮೂಲ

ಇಂದಿನ ಹೆಚ್ಚಿನ ತಳಿಗಳ ಪೂರ್ವಜರು ಮೂಸಾ ಅಕ್ಯುಮಿನಾಟಾ ಮತ್ತು ಮೂಸಾ ಬಾಲ್ಬಿಸಿಯಾನಾ ಎಂಬ ಎರಡು ಕಾಡುಬಾಳೆಗಳು. ಇವುಗಳ ಹಣ್ಣಿನ ತುಂಬ ಗಟ್ಟಿ ಬೀಜ, ತಿರುಳು ಕಡಿಮೆ. ಬೀಜ ಕಡಿಮೆಯಿದ್ದು ತಿರುಳು ಹೆಚ್ಚಿದ್ದ ಗಿಡಗಳನ್ನು ಆಯ್ದು, ಅವುಗಳ ಮರಿಗಳನ್ನೇ ಜನ ಮತ್ತೆ ಮತ್ತೆ ನೆಟ್ಟರು. ಪಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ನೆಲದಲ್ಲಿ ಸುಮಾರು 7,000 ವರ್ಷಗಳ ಹಿಂದೆಯೇ ಬಾಳೆ ಬೆಳೆಸಿದ ಕುರುಹುಗಳು ದೊರೆತಿವೆ.

ತಳಿಗಳ ಲೆಕ್ಕ

1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು ತಳಿಗಳನ್ನು ಪೂರ್ವಜರ ಆಧಾರದ ಮೇಲೆ ವಿಂಗಡಿಸಿದರು. ಅಕ್ಯುಮಿನಾಟಾದ ಅಂಶಕ್ಕೆ ‘ಎ’, ಬಾಲ್ಬಿಸಿಯಾನಾದ ಅಂಶಕ್ಕೆ ‘ಬಿ’. ಈ ಲೆಕ್ಕದಲ್ಲಿ ಪಚ್ಚಬಾಳೆ ‘ಎಎಎ’, ಏಲಕ್ಕಿ ಬಾಳೆ ‘ಎಬಿ’, ನಂಜನಗೂಡು ರಸಬಾಳೆ ‘ಎಎಬಿ’. ‘ಎಬಿಬಿ’ ಗುಂಪಿನ ಅನೇಕ ತಳಿಗಳು ಅಡುಗೆಗೆ ಒದಗುತ್ತವೆ. ಮೂರು ಅಂಶವಿರುವ ಗಿಡಗಳಲ್ಲಿ ಬೀಜ ಕಟ್ಟುವುದು ಬಹಳ ವಿರಳ.

ಹರಡಿದ ಬಗೆ

ಆಗ್ನೇಯ ಏಷ್ಯಾದಿಂದ ಭಾರತ, ಆಫ್ರಿಕಾಗಳಿಗೆ ಬಾಳೆ ಹೋದದ್ದು ಬೀಜವಾಗಿ ಅಲ್ಲ, ಮರಿಯಾಗಿ. ಪ್ರಯಾಣಿಕರು, ವ್ಯಾಪಾರಿಗಳು ಹೊತ್ತೊಯ್ದ ಗೆಡ್ಡೆಯಾಗಿ. ‘ಮೂಸಾ’ ಎಂಬ ಶಾಸ್ತ್ರೀಯ ಹೆಸರು ಅರಬ್ಬಿಯ ‘ಮೌಜ್’ ಪದದಿಂದ ಬಂದಿದೆ. ‘ಬನಾನಾ’ ಪಶ್ಚಿಮ ಆಫ್ರಿಕಾದ ಮಾತು. ಕನ್ನಡದ ಬಾಳೆ, ತಮಿಳಿನ ವಾಳೈ ಒಂದೇ ಬೇರಿನ ಪದಗಳು. ಹದಿನಾರನೆಯ ಶತಮಾನದಲ್ಲಿ ಬಾಳೆ ಅಟ್ಲಾಂಟಿಕ್ ದಾಟಿ ಅಮೆರಿಕ ಸೇರಿತು.

ಕರ್ನಾಟಕದಲ್ಲಿ

ನಂಜನಗೂಡು ರಸಬಾಳೆ ಮತ್ತು ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಹಂಪಿಯ ಸುತ್ತ ವಿಜಯನಗರ ಕಾಲದ ಕಾಲುವೆಗಳ ನೀರಿನಲ್ಲಿ ಇಂದಿಗೂ ಬಾಳೆ ತೋಟಗಳಿವೆ. ಆನೆಗೊಂದಿಯಲ್ಲಿ ಮಹಿಳೆಯರು ಬಾಳೆ ನಾರಿನಿಂದ ಚೀಲ, ಬುಟ್ಟಿ ಮಾಡುತ್ತಾರೆ.

ಒಂದೇ ಗಿಡದ ಅಪಾಯ

ಮರಿಯಿಂದ ಬೆಳೆದ ಗಿಡ ತಾಯಿಗಿಡದ ತದ್ರೂಪು. ರುಚಿ ಬದಲಾಗದೆ ಉಳಿಯುವುದು ಇದರಿಂದಲೇ. ಆದರೆ ಒಂದು ಗಿಡವನ್ನು ಕೊಲ್ಲುವ ರೋಗ ಅದೇ ತಳಿಯ ಎಲ್ಲ ಗಿಡಗಳನ್ನೂ ಕೊಲ್ಲಬಲ್ಲದು. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ವಿಶ್ವ ಮಾರುಕಟ್ಟೆಯಲ್ಲಿ ಮೆರೆದ ‘ಗ್ರೋ ಮಿಶೆಲ್’ ತಳಿ 1950–60ರ ದಶಕಗಳಲ್ಲಿ ಈ ರೋಗದಿಂದಲೇ ಮೂಲೆಗುಂಪಾಯಿತು. ನಂಜನಗೂಡಿನ ರಸಬಾಳೆ ತೋಟಗಳು ಕ್ಷೀಣಿಸಲೂ ಇದೇ ರೋಗ ಮುಖ್ಯ ಕಾರಣ. ಗ್ರೋ ಮಿಶೆಲ್ ಜಾಗಕ್ಕೆ ಬಂದ ಕ್ಯಾವೆಂಡಿಶ್ ಗುಂಪಿಗೆ ಈಗ ‘ಟಿಆರ್-4’ ಎಂಬ ಹೊಸ ಬಗೆಯ ಕಾಟ. ಅದು ಬಿಹಾರದಲ್ಲೂ ಕಾಣಿಸಿಕೊಂಡಿದೆ. ನಮ್ಮ ರೈತರು ‘ಜಿ-9’ ಎಂದು ಕರೆಯುವ ತಳಿ ಇದೇ ಗುಂಪಿನದು.

ನಮ್ಮ ಭಾಗಕ್ಕೆ

ಸಿಂಧನೂರು, ಮಸ್ಕಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ, ಲಿಂಗಸುಗೂರಿಗೆ ನಾರಾಯಣಪುರ ಬಲದಂಡೆ ಕಾಲುವೆ ನೀರು ಕೊಡುತ್ತವೆ. ಬಾಳೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಲ್ಲಬಾರದು. ಸವುಳು ಭೂಮಿಯೂ ಆಗದು. ಕಪ್ಪು ಮಣ್ಣಿನಲ್ಲಿ ನೀರು ಬಸಿದುಹೋಗುವ ವ್ಯವಸ್ಥೆ ಮುಖ್ಯ. ಸೊರಗು ರೋಗ ಮಣ್ಣು ಮೆತ್ತಿದ ಸಲಿಕೆ, ಟ್ರ್ಯಾಕ್ಟರ್, ಚಪ್ಪಲಿ, ಹರಿಯುವ ನೀರು ಮತ್ತು ರೋಗದ ಮರಿಗಳಿಂದ ಹರಡುತ್ತದೆ. ಆದ್ದರಿಂದ ಮರಿಗಳನ್ನು ರೋಗವಿಲ್ಲದ ತೋಟದಿಂದಲೇ ತರಬೇಕು, ಇಲ್ಲವೇ ಅಂಗಾಂಶ ಕೃಷಿಯ ಸಸಿ ನೆಡಬೇಕು. ರೋಗ ಕಂಡ ಹೊಲದಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆದರೆ ಶಿಲೀಂಧ್ರದ ಬಲ ತಗ್ಗುತ್ತದೆ. ಭತ್ತದ ಗದ್ದೆಗಳ ಸಿಂಧನೂರಿಗೆ ಇದು ಕಷ್ಟದ ಮಾತಲ್ಲ.

ಕೊಳ್ಳುವವರ ಪಾತ್ರವೂ ಇದೆ. ಬೀಜವಿಲ್ಲದ ಈ ಹಣ್ಣು ಮನುಷ್ಯರು ನೆಟ್ಟರಷ್ಟೇ ಉಳಿಯುತ್ತದೆ. ಏಲಕ್ಕಿ, ಕೆಂಪು ಬಾಳೆ, ಅಡುಗೆಯ ಬಾಳೆಕಾಯಿಗಳಿಗೆ ಗಿರಾಕಿ ಇದ್ದರೆ ಮಾತ್ರ ರೈತರು ಅವುಗಳ ಮರಿಗಳನ್ನು ಮತ್ತೆ ನೆಡುತ್ತಾರೆ.